ಎದ್ದು ಬರದವನ ಪಾತ್ರ

"ಅಳೋಕೂ ಬರಲ್ವೇನ್ರೇ, ದರಿದ್ರ ಮುಂಡೇವಾ! ಮನೆ ಬೀಳ್ತಿದೆ, ಗೊಂಬೆ ಥರ ನಿಂತಿದೀರಲ್ಲ!"

ಸಹಾಯಕ ನಿರ್ದೇಶಕ ಮೈಕಿನಲ್ಲೇ ಬೈದ. ಬಿಸಿಲಲ್ಲಿ ನಿಲ್ಲಿಸಿದ್ದ ಕಲ್ಲು ಕ್ವಾರಿಯ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಂತೆ ಮಾಡಿದರು. ಒಬ್ಬಳು ಮಾತ್ರ ಮಾಡಲಿಲ್ಲ. ಎದುರಿಗಿದ್ದ ಸೆಟ್ಟಿನ ಗುಡಿಸಲು, ಪ್ಲೈವುಡ್ಡಿಗೆ ಮಣ್ಣು ಮೆತ್ತಿದ್ದು, ಅವಳ ಮನೆಯಿದ್ದ ಜಾಗದಲ್ಲೇ ನಿಂತಿತ್ತು. ನಾಯಕಿ ಉಟ್ಟಿದ್ದೂ ಅವಳದೇ ಹರಕು ಸೀರೆ. ಇದೇ ಒರಿಜಿನಲ್, ಹೊಸದು ಕೊಡ್ತೀವಿ ಎಂದು ಬಿಚ್ಚಿಸಿಕೊಂಡಿದ್ದರು.

"ಅತ್ತುಬಿಡೇ ನಮ್ಮವ್ವ," ಅತ್ತೆ ಪಿಸುಗುಟ್ಟಿದಳು. "ಈ ಹೊತ್ತಿನ ಅನ್ನಕ್ಕೂ ಕಲ್ಲು ಹಾಕ್ಕೋಬೇಡ."

"ಅಳ್ಬೇಕಾದಾಗ ಅತ್ತಾಯ್ತು ಅತ್ತೆ. ಆಗ ಯಾವ ನನ್ಮಗ ಕ್ಯಾಮೆರಾ ತಂದಿದ್ದ?"

ಅದನ್ನು ಕೇಳಿಸಿಕೊಂಡ ನಿರ್ದೇಶಕ ತಾನೇ ಎದ್ದು ಬಂದ. ದನಿ ಮೆತ್ತಗಿತ್ತು. "ಅಮ್ಮಾ, ಇದು ನಿಮ್ಮದೇ ಕಥೆ. ನಿಮ್ಮ ನೆಲ, ನಿಮ್ಮ ನೆನಪು. ನೀವು ಯಾರು ಅಂತ ಲೋಕಕ್ಕೆ ಗೊತ್ತಾಗ್ಬೇಕು."

"ಹಂಗಾದ್ರೆ ಅವನ್ಯಾಕೆ ಕೈ ಮುಗ್ದು ಎದ್ದು ಬರ್ತಾನೆ?" ಬೆಳಿಗ್ಗೆ ರಿಹರ್ಸಲ್ಲಿನಲ್ಲಿ ಹಾಗೆ ಮಾಡಿ ತೋರಿಸಿದ್ದ ಗಂಡನ ಪಾತ್ರದವನತ್ತ ಅವಳು ಬೆರಳು ಮಾಡಿದಳು. "ನನ್ ಗಂಡ ಎದ್ದು ಬರ್ಲಿಲ್ಲ. ಹೊಸ್ತಿಲ ಮೇಲೆ ಕೂತೇ ಇದ್ದ. ಮಿಷಿನ್ ಬಿಟ್ರು. ಗೋಡೆ ಸಮೇತ ಹೋದ."

ಕ್ಯಾಮೆರಾದ ಪಕ್ಕ, ಕೊಡೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ ಕ್ವಾರಿಯ ಧಣಿ ನಕ್ಕ. ಇವರನ್ನು ಒಕ್ಕಲೆಬ್ಬಿಸಿದವನು ಅವನೇ, ಈಗ ಚಿತ್ರೀಕರಣಕ್ಕೆ ಜಾಗ ಕೊಟ್ಟವನೂ ಅವನೇ.

"ಕುಡ್ದು ಬಿದ್ದಿದ್ದ ಕಣ್ರೀ ಆ ಬೇವರ್ಸಿ. ಅದನ್ನೆಲ್ಲ ತೋರ್ಸೋದಾದ್ರೆ ಈಗ್ಲೇ ಗಂಟುಮೂಟೆ ಕಟ್ಟಿ."

ನಿರ್ದೇಶಕ ನೆಲ ನೋಡಿದ. "ಸಿನಿಮಾ ಅಂದ್ಮೇಲೆ ಸ್ವಲ್ಪ ಹಿಂದೆಮುಂದೆ ಆಗತ್ತಮ್ಮ," ಎಂದು ಹಿಂದಿರುಗಿದ.

ಶಾಟ್ ಶುರುವಾಯಿತು. ಮಣ್ಣು ಅಗೆಯುವ ಯಂತ್ರ ತನ್ನ ಉದ್ದದ ಕೈ ಎತ್ತಿಕೊಂಡು ಗುಡಿಸಲಿನತ್ತ ಬಂತು. ಹೊಸ್ತಿಲಲ್ಲಿ ಕೂತಿದ್ದ ನಟ ಕಣ್ಣಲ್ಲಿ ನೀರು ತುಂಬಿಕೊಂಡು, ಕೈ ಜೋಡಿಸಿ ಏಳತೊಡಗಿದ. ಗುಂಪಿನಿಂದ ಅವಳು ನುಗ್ಗಿ ಬಂದಳು. ಅವನ ಎರಡೂ ಭುಜ ಹಿಡಿದು ಕುಕ್ಕಿ ಕೂರಿಸಿದಳು.

"ಏಳ್ಬೇಡ. ಅವ್ನು ಎದ್ದಿರ್ಲಿಲ್ಲ."

"ಬಿಡಮ್ಮಾ! ಸಾರ್, ಯಾರ್ ಸಾರ್ ಈ ಹುಚ್ಚಿ!" ನಟ ಕೊಸರಾಡಿದ. ಅವಳದು ಕಲ್ಲೊಡೆದ ಕೈ, ಬಿಡಲಿಲ್ಲ. ಯಂತ್ರದ ನೆರಳು ಇಬ್ಬರ ಮೇಲೂ ಬಿತ್ತು.

"ನಿಲ್ಸೋ! ಲೋ ಬೋಳಿಮಗನೇ, ನಿಲ್ಸೋ! ಮನುಷ್ಯ ಇದಾನೆ ಅಲ್ಲಿ!" ಧಣಿ ಕುರ್ಚಿ ಉರುಳಿಸಿ ಎದ್ದು ಚೀರಿದ.

ಯಂತ್ರ ನಿಂತಿತು. ಎಂಜಿನ್ ಮಾತ್ರ ಗುರುಗುಟ್ಟುತ್ತಲೇ ಇತ್ತು.

ಅವಳು ಧಣಿಯನ್ನೇ ದಿಟ್ಟಿಸಿದಳು. "ಈಗ ಕಾಣ್ತಾ ಮನುಷ್ಯ? ಅವತ್ತು ಇಲ್ಲಿ ಕೂತಿದ್ದವ್ನು ಏನಾಗಿದ್ದ ನಿನ್ ಕಣ್ಣಿಗೆ?"

ಅವಳು ನಟನ ಭುಜ ಬಿಟ್ಟಳು. "ನೀ ಹೋಗಪ್ಪ." ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ. ಅವನೆದ್ದ ಜಾಗದಲ್ಲಿ ಅವಳು ಕೂತಳು. ಅತ್ತೆ ಕುಂಟುತ್ತ ಬಂದು, ಸೊಸೆಯ ಹೆಗಲು ಹಿಡಿದು ಪಕ್ಕದಲ್ಲಿ ಕುಕ್ಕರಿಸಿದಳು.

ನಿರ್ದೇಶಕ ಕ್ಯಾಮೆರಾದವನ ಕಿವಿಗೆ ಬಾಗಿದ. "ನಿಲ್ಲಿಸ್ಬೇಡ. ತಗೋತಾ ಇರು."

ಯಂತ್ರದ ಚಾಲಕ ಧಣಿಯ ಮುಖ ನೋಡಿದ.

ಧಣಿ ಈ ಸಲ ನಿಲ್ಲಿಸು ಎನ್ನಲಿಲ್ಲ.