ಮುಕ್ತಿವಾಹನದ ಗಾಯಕಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರೂ ಊರುಗಳಲ್ಲಿ ನನ್ನ ದನಿ ಕೇಳದವರಿಲ್ಲ. ಜಂಬ ಕೊಚ್ಚಿಕೊಳ್ಳುತ್ತಾಳೆ ಅಂದುಕೊಳ್ಳಬೇಡಿ. ಆ ದನಿ ಕಿವಿಗೆ ಬಿದ್ದರೆ ಗಂಡಸರು ಬೈಕ್ ಪಕ್ಕಕ್ಕೆ ಹಾಕಿ ಟೋಪಿ ತೆಗೆಯುತ್ತಾರೆ, ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಹೆಣ ಸಾಗಿಸುವ ಮುಕ್ತಿವಾಹನದ ಮೇಲಿನ ಮೈಕಿನಲ್ಲಿ ಹೆಂಗಸೊಬ್ಬಳ ಹಾಡು ಬರುತ್ತದಲ್ಲ, ಅದು ನನ್ನದು.

ಹೆಸರು ಭಾಗ್ಯ. ಹೊಟ್ಟೆಪಾಡಿಗೆ ಚನ್ನಬಸವರಾಜಣ್ಣನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವಳು. ಮದುವೆಯ ಆರತಕ್ಷತೆ, ಸೀಮಂತ, ಸೀರೆ ಅಂಗಡಿಯ ಉದ್ಘಾಟನೆ, ಗಣೇಶನ ಪೆಂಡಾಲು, ಯಾರು ಕರೆದರೂ ಹೋಗುತ್ತಿದ್ದೆವು. ಬಳ್ಳಾರಿಯಲ್ಲಿ ನಡುವೆ ಹಿಂದಿ ಹಾಡಬೇಕು, ಕುರುಗೋಡಿನಲ್ಲಿ ಜಾನಪದ ಬೇಕು, ಸಿರುಗುಪ್ಪದಲ್ಲಿ ಅರ್ಧಕ್ಕರ್ಧ ತೆಲುಗು. ಬೇಕು ಅನ್ನುವವರು ಬಹಳ, ಕೇಳುವವರು ಮಾತ್ರ ಯಾರೂ ಇಲ್ಲ. ನಾವು ಹಾಡುವಾಗ ಜನ ಫೋಟೋಕ್ಕೆ ಸಾಲು ನಿಂತಿರುತ್ತಾರೆ, ಇಲ್ಲವೇ ಊಟದ ಹಾಲಿನಲ್ಲಿ ಜಾಗ ಹಿಡಿಯುತ್ತಿರುತ್ತಾರೆ. ಹುಡುಗನ ಚಿಕ್ಕಪ್ಪನೊಬ್ಬ ಚರಣದ ನಡುವೆಯೇ ವೇದಿಕೆ ಹತ್ತಿ ಮೈಕ್ ಕಸಿದುಕೊಂಡು, ಇಂಥ ನಂಬರಿನ ಕಾರು ದಾರಿಗೆ ಅಡ್ಡ ನಿಂತಿದೆ, ತೆಗೆಯಿರಿ ಅನ್ನುತ್ತಾನೆ. ಅವನು ಮೈಕ್ ವಾಪಸ್ ಕೊಟ್ಟಮೇಲೆ ನಾನು ಬಿಟ್ಟ ಸಾಲಿನಿಂದಲೇ ಮತ್ತೆ ನಗುತ್ತ ಹಾಡಬೇಕು. ನಗದಿದ್ದರೆ ಚನ್ನಬಸವರಾಜಣ್ಣ ಕೀಬೋರ್ಡಿನ ಹಿಂದಿನಿಂದ ಕಣ್ಣು ಬಿಡುತ್ತಾನೆ.

ಹೀಗಿರುವಾಗ ರಾಮಪ್ಪ ಸಾಹುಕಾರರು ತಮ್ಮ ತಾಯಿಯ ಹೆಸರಿನಲ್ಲಿ ಮೂರು ಊರಿಗೂ ಒಂದೊಂದು ಮುಕ್ತಿವಾಹನ ದಾನ ಮಾಡಿದರು. ಹೆಣ ಸಾಗಿಸಲು ಬಡವರು ಪಡುವ ಪಾಡು ಗೊತ್ತಿದ್ದವರು ಅವರು. ಒಳ್ಳೆಯ ಕೆಲಸವೇ, ಅದಕ್ಕೆ ನನ್ನ ತಕರಾರಿಲ್ಲ. ಗಾಡಿಗೆ ಹಾಕಲು ಒಂದು ಹಾಡು ಬೇಕೆಂದು ಕುರುಗೋಡಿನ ನಿವೃತ್ತ ಮೇಷ್ಟ್ರೊಬ್ಬರಿಂದ ಬರೆಸಿದರು. ಹಾಡುವುದಕ್ಕೆ ಯಾರೋ ನನ್ನ ಹೆಸರು ಹೇಳಿದರು.

ಕೌಲ್ ಬಜಾರಿನ ಒಂದು ಸಣ್ಣ ಸ್ಟುಡಿಯೋ. ಫ್ಯಾನಿನ ಸದ್ದು ಕೂಡ ರೆಕಾರ್ಡ್ ಆಗುತ್ತದೆಂದು ಆರಿಸಿದ್ದರು. ಬಳ್ಳಾರಿಯ ಬೇಸಿಗೆಯಲ್ಲಿ ಬೆವರು ಸುರಿಸುತ್ತ ನಿಂತು ಹಾಡಿದೆ: ‘ಬಿಟ್ಟ ಹೊಂಟೀಯೇನ ಜೀವವೇ, ಕಟ್ಟಿದ ಮನಿಯ.’ ಅಷ್ಟು ವರ್ಷ ಯಾರ್ಯಾರೋ ಹಾಡಿದ್ದನ್ನು ಅವರ ಹಾಗೆಯೇ ಹಾಡಿ, ಥೇಟ್ ಅವರೇ ಹಾಡಿದಂಗ ಐತಿ ಅನ್ನಿಸಿಕೊಂಡವಳು ನಾನು. ಈ ಹಾಡನ್ನು ನನಗಿಂತ ಮುಂಚೆ ಯಾರೂ ಹಾಡಿರಲಿಲ್ಲ. ಯಾರ ಹಾಗೂ ಹಾಡಬೇಕಾಗಿರಲಿಲ್ಲ. ಒಂದೇ ಸಲಕ್ಕೆ ಮುಗಿಯಿತು. ಸ್ಟುಡಿಯೋದ ಹುಡುಗ ಫ್ಯಾನ್ ಹಾಕುವುದನ್ನೂ ಮರೆತು ಅದನ್ನು ಇನ್ನೊಮ್ಮೆ ಹಚ್ಚಿ ಕೇಳಿದ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಸಂಗನಕಲ್ಲಿನ ಮನೆಗೆ ಬರುವಾಗ ಆಟೋದಲ್ಲೂ ಅದನ್ನೇ ಗುನುಗುತ್ತಿದ್ದೆ. ಆಟೋದವನು ಬ್ಯಾಡ್ರಿ ಅಕ್ಕಾರ ಅಂದ. ಆಗಲೇ ನನಗೆ ತಿಳಿಯಬೇಕಿತ್ತು.

ಮೊದಲು ತಿಳಿದದ್ದು ಕುರುಗೋಡಿನ ಒಂದು ಮದುವೆಯಲ್ಲಿ. ನಿಧಾನದ ಒಂದು ಸಿನಿಮಾ ಹಾಡು ಎತ್ತಿಕೊಂಡಿದ್ದೆ, ಪ್ರೇಮಗೀತೆ. ಮದುಮಗನ ಸೋದರತ್ತೆ ಪಾರಮ್ಮ ಎಂಬವರು ವೇದಿಕೆಯ ಹತ್ತಿರ ಬಂದು ನನ್ನ ಮುಖವನ್ನೇ ದಿಟ್ಟಿಸಿದರು. ಹಾಡು ಮುಗಿದಮೇಲೆ ಕರೆದು ಕೇಳಿದರು.

“ಆ ಗಾಡ್ಯಾಗ ಹಾಡಾಕಿ ನೀನ ಏನವ್ವ?”

“ಹೌದ್ರಿ ಅಮ್ಮ” ಎಂದೆ. ಇನ್ನೂ ಹೆಮ್ಮೆ ಇತ್ತು ನನಗೆ.

“ಬಾಳ ಚಂದ ಹಾಡೀದಿ. ಆದ್ರ ಇಲ್ಲಿ ಬ್ಯಾಡವ್ವ. ಹಸಿಮದಿವಿ ಐತಿ.”

ಸುದ್ದಿ ಒಂದು ಕಡೆ ನಿಲ್ಲುತ್ತದೆಯೇ? ಆರ್ಕೆಸ್ಟ್ರಾ ಗೊತ್ತುಮಾಡಲು ಬಂದವರು, ಆ ಯಮ್ಮ ಬರ್ತಾಳೇನ್ರಿ ಎಂದು ಮೊದಲೇ ಕೇಳತೊಡಗಿದರು. ಚನ್ನಬಸವರಾಜಣ್ಣ ಕೆಟ್ಟವನಲ್ಲ, ಆದರೆ ಅವನಿಗೂ ಎಂಟು ಜನರ ತಂಡ ಸಾಕಬೇಕು. ನನಗೆ ನಿಧಾನದ ಹಾಡು ಬಂದ್ ಮಾಡಿದ. ತಮಟೆ ಬಡಿತದ ಹಾಡು ಕೊಟ್ಟ, ಆಮೇಲೆ ಯುಗಳಗೀತೆಯಲ್ಲಿ ಎರಡು ಸಾಲು, ಕೊನೆಕೊನೆಗೆ ಕೋರಸ್. ಕೋರಸ್‌ನಲ್ಲಿಯೂ ಮೈಕ್ ಸ್ವಲ್ಪ ದೂರ ಹಿಡಿ ಅಂದ. ನನ್ನ ಅವ್ವ ಹುಲುಗಮ್ಮನಿಗೆ ಮಾತ್ರ ಇದರ ಪರಿವೆಯೇ ಇರಲಿಲ್ಲ. ಗಾಡಿ ಊರ ಮುಂದಿನ ರಸ್ತೆಯಲ್ಲಿ ಹೋದರೆ ಬಾಗಿಲಿಗೆ ಬಂದು ನಿಂತು, ಸತ್ತವರಿಗೆ ಕೈ ಮುಗಿದು, ಪಕ್ಕದ ಮನೆಯವರಿಗೆ ನನ್ನ ಮಗಳು ಎಂದು ಹೇಳುತ್ತಿದ್ದಳು.

ಹಾಡು ತೆಗೆಯಿರಿ, ಬೇರೆ ಯಾರದಾದರೂ ಹಾಕಿರಿ ಎಂದು ರಾಮಪ್ಪ ಸಾಹುಕಾರರ ಕೈಕಾಲು ಹಿಡಿದೆ. ಅವರು ಕುರ್ಚಿ ಹಾಕಿಸಿ, ಮಜ್ಜಿಗೆ ಕೊಡಿಸಿ, ಸಾವಧಾನವಾಗಿ ಹೇಳಿದರು.

“ನೋಡು ತಾಯಿ, ಮಂದಿ ಈಗ ಆ ಹಾಡು ಇರೋ ಗಾಡೀನ ಬೇಕಂತಾರ. ಅದಿಲ್ದಿದ್ರ ಸತ್ತೋರಿಗೆ ಸಮಾಧಾನ ಇಲ್ಲಂತಾರ. ಎಷ್ಟ ಮನಿ ಪುಣ್ಯ ನಿನಗ ಬರಾಕತ್ತೈತಿ, ತಿಳದೀಯೇನು?”

ಪುಣ್ಯ ತಗೊಂಡು ನಾನೇನು ಮಾಡಲಿ ಎಂದು ಕೇಳಬೇಕಿತ್ತು. ಮಜ್ಜಿಗೆ ಕುಡಿದು ಎದ್ದು ಬಂದೆ.

ಇಷ್ಟೆಲ್ಲ ಆದಮೇಲೆ ಒಂದು ಬಾಗಿಲು ತೆರೆಯಿತು. ನಮ್ಮ ರಿದಂ ಪ್ಯಾಡಿನ ಕರಿಬಸವ, ಹಿಂದೆ ಯಾವಾಗಲೋ ರಿಹರ್ಸಲ್‌ನಲ್ಲಿ ನಾನು ಹಾಡಿದ್ದರ ತುಣುಕೊಂದನ್ನು ಸಮ್ರಾಟ್ ಎಂಬ ಸಂಗೀತ ನಿರ್ದೇಶಕರಿಗೆ ಕಳಿಸಿದ್ದ. ಅವರು ಬೆಂಗಳೂರಿನವರು, ಎರಡು ಸಿನಿಮಾ ಮಾಡಿದ್ದರು, ಮೂರನೆಯದಕ್ಕೆ ಹೊಸ ದನಿ ಹುಡುಕುತ್ತಿದ್ದರು. ಸಿರುಗುಪ್ಪದಲ್ಲಿ ರೈಸ್‌ಮಿಲ್ ಪಕ್ಕೀರಪ್ಪನವರ ಮಗಳ ಮದುವೆಗೆ ಗಂಡಿನ ಕಡೆಯಿಂದ ಬರುವವರಿದ್ದರು. ಅಲ್ಲಿ ಆರ್ಕೆಸ್ಟ್ರಾ ನಮ್ಮದೇ. ಅವರು ಕರಿಬಸವನಿಗೆ ಹೇಳಿಕಳಿಸಿದ್ದು ಇಷ್ಟೇ: ನಿಧಾನದ ಹಾಡೊಂದನ್ನು ಪೂರ್ತಿ ಹಾಡಲಿ, ಎದುರಿಗೆ ಕೂತು ಕೇಳಬೇಕು, ಹಿಡಿಸಿದರೆ ಮುಂದಿನ ವಾರವೇ ರೆಕಾರ್ಡಿಂಗ್.

ನನಗೆ ಮೂವತ್ತೆಂಟು. ಈ ವಯಸ್ಸಿನಲ್ಲಿ ಹೊಸ ದನಿ ಅನ್ನಿಸಿಕೊಳ್ಳುವುದು ಇನ್ನೊಂದು ಸಲ ಆಗುವ ಮಾತಲ್ಲ. ಒಂದು ಸಿನಿಮಾ ಹಾಡು ಬಂದುಬಿಟ್ಟರೆ ಜನ ಗಾಡಿಯನ್ನು ಮರೆಯುತ್ತಾರೆ, ನನ್ನನ್ನು ಮದುವೆ ಮನೆಗೆ ಬಾ ಅನ್ನುತ್ತಾರೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಚನ್ನಬಸವರಾಜಣ್ಣ ಒಪ್ಪಲಿಲ್ಲ. ಕರಿಬಸವನೂ ನಾನೂ ಬೆನ್ನು ಬಿಡಲಿಲ್ಲ. ಕೊನೆಗೆ ಉಪಾಯ ಹೊಳೆದದ್ದು ನನಗೇ.

“ಅಣ್ಣಾ, ಗಾಡ್ಯಾಗ ಇರೋದು ಕನ್ನಡ ಹಾಡು. ನಾನು ತೆಲುಗು ಹಾಡ್ತೀನಿ. ಯಾರಿಗೂ ಗುರ್ತ ಹತ್ತಂಗಿಲ್ಲ.”

ಅವನು ಗಡ್ಡ ಕೆರೆದುಕೊಂಡು ಯೋಚಿಸಿದ. ನಮ್ಮ ಕಡೆ ಎಲ್ಲರಿಗೂ ಎರಡು ಭಾಷೆ. ಕನ್ನಡದಲ್ಲಿ ಜಗಳ ತೆಗೆದು ತೆಲುಗಿನಲ್ಲಿ ರಾಜಿ ಆಗುವ ಮಂದಿ. ತೆಲುಗು ಮಾತಾಡುವಾಗ ನಾವೇ ಬೇರೆ ಮನುಷ್ಯರಾಗಿಬಿಡುತ್ತೇವೆಂದು ನಮಗೊಂದು ಭ್ರಮೆ. ಆ ಭ್ರಮೆ ಅವನಿಗೂ ಇತ್ತು. “ಅದೂ ಖರೇನ” ಎಂದು ತಲೆ ಆಡಿಸಿದ.

ಮದುವೆಯ ಸಂಜೆ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬಿಸಿನೀರು ಕುಡಿಯುತ್ತ ಜನರೇಟರಿನ ಪಕ್ಕ ಕುಳಿತಿದ್ದೆ. ಕರಿಬಸವ ಬಂದು ಮೂರನೇ ಸಾಲಿನಲ್ಲಿ ಕನ್ನಡಕ ಹಾಕಿದವರೇ ಸಮ್ರಾಟ್ ಎಂದು ತೋರಿಸಿದ. ನನ್ನ ಸರದಿ ಬಂದಾಗ ಕಣ್ಣು ಮುಚ್ಚಿ ಎತ್ತಿಕೊಂಡೆ.

ಪಲ್ಲವಿ ಮುಗಿಯುವ ಹೊತ್ತಿಗೆ ಛತ್ರ ತಣ್ಣಗಾಗಿತ್ತು. ಫೋಟೋದ ಸಾಲು ನಿಂತಿತ್ತು. ಬಡಿಸುವವರು ಬಕೆಟ್ ಹಿಡಿದುಕೊಂಡೇ ಊಟದ ಹಾಲಿನ ಬಾಗಿಲಿಗೆ ಬಂದಿದ್ದರು. ಸಮ್ರಾಟ್ ಮೊಬೈಲ್ ಜೇಬಿಗೆ ಹಾಕಿ ಮುಂದೆ ಬಾಗಿ ಕುಳಿತಿದ್ದರು. ಇಷ್ಟು ವರ್ಷದಲ್ಲಿ ಒಂದು ಮದುವೆ ಮನೆ ನನ್ನನ್ನು ಕೇಳಿಸಿಕೊಂಡದ್ದು ಅದೇ ಮೊದಲು. ಗೆದ್ದೆ ಅಂದುಕೊಂಡೆ. ಚರಣಕ್ಕೆ ಹೋದಾಗ ದನಿ ತಾನಾಗಿಯೇ ಏರಿತು, ನಾನು ತಡೆಯಲಿಲ್ಲ.

ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಬಿಕ್ಕಿದ ಸದ್ದು. ಪಕ್ಕೀರಪ್ಪನವರ ಅಕ್ಕ ಅಂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅವರ ಪಕ್ಕದವರು, ಅವರ ಹಿಂದಿನವರು. ಆಮೇಲೆ ವೇದಿಕೆಯ ಮೇಲೆ ಮದುಮಗಳೇ ಅಳತೊಡಗಿದಳು, ಬಾಸಿಂಗದ ಕೆಳಗೆ ಕಾಡಿಗೆ ಹರಿಯಿತು. ಪಕ್ಕೀರಪ್ಪನವರ ತಾಯಿ ಹಿಂದಿನ ದಸರೆಗೆ ತೀರಿಹೋಗಿದ್ದರಂತೆ. ವರ್ಷದೊಳಗೆ ಮನೆಯಲ್ಲಿ ಒಂದು ಶುಭಕಾರ್ಯ ಆಗಲಿ ಎಂದೇ ಈ ಮದುವೆ ಇಟ್ಟುಕೊಂಡಿದ್ದರಂತೆ. ಆ ತಾಯಿಯನ್ನು ಹೊಳೆದಂಡೆಗೆ ಒಯ್ದದ್ದು ಅದೇ ಗಾಡಿಯಲ್ಲಿ. ಅವರಿಗೆಲ್ಲ ತೆಲುಗು ಕೇಳಿಸಲೇ ಇಲ್ಲ. ಕೇಳಿಸಿದ್ದು ನಾನು.

ಪಕ್ಕೀರಪ್ಪನವರು ಮೆಟ್ಟಿಲು ಹತ್ತಿ ಬಂದರು. ಬೈದಿದ್ದರೆ ನನಗೂ ತಿರುಗಿ ಬೈಯುವ ಧೈರ್ಯ ಇತ್ತು. ಅವರು ಕೈ ಮುಗಿದರು. ಅವರ ಕಣ್ಣೂ ತುಂಬಿತ್ತು.

“ಸಾಕ್ರಿ ತಾಯಿ. ಕೈ ಮುಗಿತೀನಿ, ಮದಿವಿ ಮನಿ ಇದು.”

ಚನ್ನಬಸವರಾಜಣ್ಣ ಕಣ್ಸನ್ನೆ ಮಾಡಿದ, ಕರಿಬಸವ ತಲೆ ತಗ್ಗಿಸಿಕೊಂಡೇ ತಮಟೆ ಬಡಿತ ಶುರು ಹಚ್ಚಿದ. ಚರಣದ ಅರ್ಧಕ್ಕೇ ಇಳಿದು ಬಂದೆ.

ಸಮ್ರಾಟ್ ಜನರೇಟರಿನ ಹತ್ತಿರ ನನ್ನನ್ನು ಹುಡುಕಿಕೊಂಡು ಬಂದರು. ಯಾಕೆ ನಿಲ್ಲಿಸಿದರು ಎಂದು ಅವರಿಗೆ ಅಷ್ಟರಲ್ಲಿ ಯಾರೋ ಹೇಳಿದ್ದರು.

“ವಾಯ್ಸ್ ತುಂಬಾ ಚೆನ್ನಾಗಿದೆ ಮೇಡಂ, ಸುಳ್ಳು ಹೇಳಲ್ಲ. ಆದರೆ ನಮ್ಮ ಪ್ರೊಡ್ಯೂಸರ್ ಈ ಕಡೆಯವರೇ, ಪಿಕ್ಚರ್ ಓಡಬೇಕಾಗಿರೋದೂ ಈ ಕಡೇನೇ. ಹೀರೋಯಿನ್ ಬಾಯಿ ತೆಗೆದ ಕೂಡಲೇ ಥಿಯೇಟರಲ್ಲಿ ಜನ ಎದ್ದು ಕೈ ಮುಗಿದರೆ ಏನ್ ಮಾಡ್ಲಿ?”

ತಮಾಷೆಗೆ ಅಂದದ್ದು. ಅವರಿಗೂ ನಗು ಬರಲಿಲ್ಲ. ನೋಡೋಣ, ಕರೀತೀನಿ ಎಂದು ನನ್ನ ನಂಬರ್ ಬರೆದುಕೊಂಡರು. ಕರೆಯಲಿಲ್ಲ. ಬಳ್ಳಾರಿ ಬಂದಾಗ ಚನ್ನಬಸವರಾಜಣ್ಣ, ಸ್ವಲ್ಪ ದಿನ ರೆಸ್ಟ್ ತಗೋ ಭಾಗ್ಯ ಎಂದ. ಅದರ ಅರ್ಥ ಕೇಳುವಷ್ಟು ದಡ್ಡಿ ನಾನಲ್ಲ.

ಮಳೆಗಾಲವಿಡೀ ಮನೆಯಲ್ಲೇ ಕುಳಿತೆ. ಅಭ್ಯಾಸ ಮಾಡಲೂ ಮನಸ್ಸಾಗಲಿಲ್ಲ, ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಳು. ದಸರೆ ಹತ್ತಿರ ಬಂದಾಗ ಪಕ್ಕೀರಪ್ಪನವರ ಫೋನ್ ಬಂತು. ತಾಯಿಯ ವರ್ಷದ ಕಾರ್ಯ ಇದೆ, ಬಂದು ಆ ಗಾಡಿಯ ಹಾಡು ಹಾಡಬೇಕು, ಕಾರು ಕಳಿಸುತ್ತೇನೆ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಬರಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಹಾಡಬೇಕು ಎಂದು ಯಾರಾದರೂ ಅಂದು ಎಷ್ಟು ದಿನವಾಗಿತ್ತು? ಹೂಂ ಅಂದೆ.

ಅಂಗಳದಲ್ಲಿ ಚಾಪೆ ಹಾಸಿ ಜನ ಕುಳಿತಿದ್ದರು. ಹಾರ ಹಾಕಿದ ಫೋಟೋ, ಊದುಬತ್ತಿ. ಹಾರ್ಮೋನಿಯಂ ಕೂಡ ಇಲ್ಲದೆ ಹಾಡಿದೆ. ಕೂಸುಗಳೂ ಅಳಲಿಲ್ಲ. ಯಾರ ಕಾರೂ ಯಾರ ದಾರಿಗೂ ಅಡ್ಡ ನಿಂತಿರಲಿಲ್ಲ. ಪ್ರತಿ ಸ್ವರ ಅವರಿಗೆ ತಾಗುವುದು ನನಗೆ ಕಾಣುತ್ತಿತ್ತು. ಹಾಡು ಮುಗಿದ ಕೂಡಲೇ, ವೇದಿಕೆಯ ಮೇಲಿನ ರೂಢಿಯಂತೆ, ನನಗೆ ಗೊತ್ತಿಲ್ಲದೆಯೇ ಚಪ್ಪಾಳೆಗೆ ಬಾಗಿ ಕೈ ಜೋಡಿಸಿದೆ. ಸತ್ತವರ ಕಾರ್ಯದಲ್ಲಿ ಚಪ್ಪಾಳೆ ಎಲ್ಲಿಯದು? ನಾನು ಫೋಟೋಕ್ಕೆ ಕೈ ಮುಗಿದೆ ಎಂದುಕೊಂಡು ಜನರೆಲ್ಲ ತಾವೂ ಕೈ ಮುಗಿದರು. ಮುಖ ಎತ್ತಲಾಗಲಿಲ್ಲ ನನಗೆ.

ಹೊರಡುವಾಗ ಒಬ್ಬ ಮುದುಕರು ಮೊಮ್ಮಗಳ ಭುಜ ಹಿಡಿದುಕೊಂಡು ಬಂದರು. ಪಕ್ಕೀರಪ್ಪನವರ ಸೋದರಮಾವ, ತಿಪ್ಪಣ್ಣ ಅಂತೆ. ಮೈಯಲ್ಲಿ ಮಾಂಸ ಉಳಿದಿರಲಿಲ್ಲ.

“ಯವ್ವಾ, ನಂದು ಬಾಳ ದಿನ ಇಲ್ಲ. ಡಾಕ್ಟ್ರು ಹೇಳ್ಯಾರ. ನನಗ ಗಾಡಿ ಹಾಡು ಬ್ಯಾಡ, ನೀನ ಬರಬೇಕು. ಬರ್ತೀಯಾ?”

ಅಂಗಿಯ ಜೇಬಿನಿಂದ ಮಡಿಸಿದ ನೋಟು ತೆಗೆದು ಅಡ್ವಾನ್ಸ್ ಎಂದು ನನ್ನ ಅಂಗೈಯಲ್ಲಿಟ್ಟರು. ತಂಡಕ್ಕಲ್ಲದೆ ನನಗಾಗಿಯೇ ಒಬ್ಬರು ಮುಂಗಡ ಕೊಟ್ಟದ್ದು ಅದೇ ಮೊದಲು. ಮೊಮ್ಮಗಳು ಅಳುತ್ತಲೇ ನನ್ನ ನಂಬರ್ ಕೇಳಿ, ತನ್ನ ನಂಬರಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟಳು. ಬರ್ತೀನಿ ಅಜ್ಜಾರ ಎಂದೆ.

ಈಗ ಫೋನ್ ಸದ್ದಾದರೆ ಎತ್ತುವ ಮುಂಚೆ ಹೆಸರು ನೋಡುತ್ತೇನೆ. ಆ ಹುಡುಗಿಯ ಹೆಸರು ಆಗಿರದಿರಲಿ ದೇವರೇ ಎಂದು ಬೇಡಿಕೊಳ್ಳುತ್ತೇನೆ. ಅದನ್ನು ಬಿಟ್ಟರೆ ನನ್ನ ಕೈಯಲ್ಲಿ ಬೇರೆ ಕಾರ್ಯಕ್ರಮ ಒಂದೂ ಇಲ್ಲ.