ಡೈರಿಯ ಗಬ್ಬದ ಪಟ್ಟಿ

ಜಾವಗಲ್ ಹಾಲಿನ ಡೈರಿಯ ಸಮಸ್ತ ಸದಸ್ಯರಿಗೆ, ಅವರ ಹಸುಗಳಿಗೆ ಹಾಗೂ ಇನ್ನೂ ಹೊಟ್ಟೆಯಲ್ಲೇ ಇರುವ ಕರುಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಡೈರಿಯ ಏಕೈಕ ಗಣಕಯಂತ್ರವು ಇಂದು ಬೆಳಗ್ಗೆ ಹತ್ತೂಕಾಲಿಗೆ ಗೊಣಗುಯಂತ್ರವಾಗಿದೆ.

ಟಕ್, ಟಕ್, ಟಕ್. ಡಬ್ಬದೊಳಗೆ ಯಾರೋ ಸಿಕ್ಕಿಹಾಕಿಕೊಂಡು ಬಾಗಿಲು ಬಡಿದಂಥ ಸದ್ದು. ಕಪ್ಪು ಪರದೆಯ ಮೇಲೆ ಒಂದೇ ಒಂದು ಇಂಗ್ಲಿಷ್ ಸಾಲು. ಡೈರಿಯ ಕಂಪ್ಯೂಟರ್ ನೋಡಿಕೊಳ್ಳುವ ಭವ್ಯಾ ಅದನ್ನು ಹನ್ನೊಂದು ಸಲ ಓದಿದ್ದಳು. ಹನ್ನೆರಡನೇ ಸಲಕ್ಕಾದರೂ ಅರ್ಥ ಬದಲಾದೀತೇನೋ ಅಂತ ಇನ್ನೊಮ್ಮೆ ಓದಿದಳು.

ಒಳಗಿದ್ದದ್ದು ಗಬ್ಬದ ಪಟ್ಟಿ. ಯಾರ ಮನೆಯ ಯಾವ ಹಸುವಿಗೆ ಯಾವತ್ತು ಗಬ್ಬದ ಇಂಜೆಕ್ಷನ್ ಆಯಿತು, ಈಗೆಷ್ಟು ತಿಂಗಳು, ಕರು ಯಾವಾಗ — ಹೀಗೆ ಆರುನೂರ ಹದಿನೇಳು ಹಸುಗಳ ಒಳಗುಟ್ಟು. ಎಂಟು ತಿಂಗಳು ಕೂತು ಅವಳೇ ಟೈಪ್ ಮಾಡಿದ್ದು. ನಾಳೆ ಹನ್ನೊಂದಕ್ಕೆ ಡೈರೆಕ್ಟರುಗಳ ಮೀಟಿಂಗು. ಪಟ್ಟಿ ನೋಡಿ ಅವಳ ಕೆಲಸ ಕಾಯಂ ಮಾಡುವುದೋ, ಮನೆಗೆ ಕಳಿಸುವುದೋ ಅಂತ ತೀರ್ಮಾನ. ಮೂಲ ಚೀಟಿಗಳು? "ಎಲ್ಲಾ ಕಂಪ್ಯೂಟರ್‌ಗೆ ಹಾಕಾಯ್ತು ಸಾರ್, ಈ ಕಸ ಯಾಕೆ" ಅಂತ ಅವಳೇ ಹೇಳಿದ್ದಳು. ಸೆಕ್ರೆಟರಿ ಕೃಷ್ಣಪ್ಪನವರು ಎರಡು ಚೀಲ ಚೀಟಿಯನ್ನು ಹಂಡೆಯ ಒಲೆಗೆ ಹಾಕಿ, ಒಂದು ವಾರ ಬಿಸಿಬಿಸಿ ನೀರು ಹುಯ್ದುಕೊಂಡಿದ್ದರು.

ಫೋನು ಮಾಡಿದ್ದಕ್ಕೆ ಅರಸೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಶಿ ಮೂರು ಗಂಟೆಯ ಬಸ್ಸಿಗೆ ಬಂದ. ಚೀಲದಿಂದ ಒಂದು ಸಿ.ಡಿ. ತೆಗೆದು ಪ್ಯಾಂಟಿಗೆ ಒರೆಸಿದ.

"ಹಾರ್ಡ್ ಡಿಸ್ಕ್ ಸಾಯ್ತಾ ಐತೆ ಸಾರ್. ಈ ಸಿ.ಡಿ. ಹಾಕಿದ್ರೆ ಅದರ ಹಂಗಿಲ್ದೇನೇ ಕಂಪ್ಯೂಟರ್ ಏಳ್ತದೆ."

"ಎತ್ತಿಲ್ದೆ ಗಾಡಿ ಹೊಡೀತೀಯ ಅನ್ನು," ಅಂದರು ಕೃಷ್ಣಪ್ಪ.

"ಬಾಡಿಗೆ ಎತ್ತು ತಂದಿದೀನಿ ಸಾರ್."

ಬಾಡಿಗೆ ಎತ್ತು ನಿಧಾನವಾಗಿ ಎದ್ದಿತು. ಭವ್ಯಾ ಕಂಡರಿಯದ ನೀಲಿ ಪರದೆ ಬಂತು. ಶಶಿ ಏನೇನೋ ಕುಟ್ಟಿದ. ಡಿಸ್ಕು ಟಕ್ ಅಂದಾಗಲೆಲ್ಲ ಕೈ ನಿಲ್ಲಿಸಿ ಕಾದ. ಭವ್ಯಾಳೂ ಉಸಿರು ನಿಲ್ಲಿಸಿ ಕಾದಳು. ನಾಲ್ಕೂವರೆಗೆ ಪಟ್ಟಿ ತೆರೆಯ ಮೇಲೆ ಮೂಡಿತು. ಮೊದಲ ಸಾಲಲ್ಲೇ ಹುಚ್ಚಣ್ಣನ ಹಸು, ಏಳು ತಿಂಗಳು.

"ಸಿಕ್ತು ಸಾರ್," ಅಂದಳು. ಕಣ್ಣು ತುಂಬಿತ್ತು.

"ಡೆಸ್ಕ್‌ಟಾಪ್‌ಗೆ ಎಳ್ಕೊಂಡಿದೀನಿ," ಅಂದ ಶಶಿ. "ಫ್ಲಾಪಿ ಡ್ರೈವು ಕೆಟ್ಟೈತೆ. ಸಿ.ಡಿ. ಬರೆಯೋಣ ಅಂದ್ರೆ ಇರೋದೊಂದು ಬಾಯಿ, ಅದ್ರಲ್ಲಿ ಈ ಸಿ.ಡಿ.ನೇ ಕೂತೈತೆ. ಪಕ್ಕದ ಬೂತ್‌ನಲ್ಲಿ ಕಂಪ್ಯೂಟರ್ ಐತಲ್ಲ, ಅದಕ್ಕೆ ವೈರು ಎಳೆದು ಕಳಿಸಿಬಿಡಾನ."

ಪಕ್ಕದ್ದು ಅಣ್ಣಯ್ಯನ ಎಸ್‌ಟಿಡಿ ಬೂತು. ಕಿಟಕಿಯಿಂದ ಕಿಟಕಿಗೆ ವೈರು ಹೋಯಿತು, ಆದರೆ ಎರಡೂ ಕೂಡಿದವೆಂದು ತೋರಿಸುವ ಪುಟ್ಟ ದೀಪ ಹತ್ತಲಿಲ್ಲ.

"ಒಂದು ತುದೀಲಿ ಎಳೆ ಅದಲು ಬದಲು ಮಾಡ್ಬೇಕು. ಬನ್ರೀ ಭವ್ಯಾ, ಹಿಡ್ಕೊಳ್ಳಿ," ಅಂದ ಶಶಿ. ಇಬ್ಬರೂ ಬೂತಿಗೆ ಹೋಗಿ ನೆಲದಲ್ಲಿ ಕೂತು ಕಿತ್ತಳೆ ಎಳೆ, ಹಸಿರು ಎಳೆ ಬಿಡಿಸತೊಡಗಿದರು.

"ನನ್ ಫೋನಿನ ಲೈನಿಗೇನಾರ ಆದ್ರೆ ನಿಮ್ಮಿಬ್ರನ್ನೂ ಬಿಡಾಕಿಲ್ಲ ಕಣ್ರೀ," ಅಂದ ಅಣ್ಣಯ್ಯ.

ಡೈರಿಗೆ ಇದ್ದದ್ದು ಒಂದೇ ಯುಪಿಎಸ್. ಹಗಲೆಲ್ಲ ಕಂಪ್ಯೂಟರಿಗೆ, ಸಂಜೆ ಐದರ ಮೇಲೆ ಹಾಲಿನ ಜಿಡ್ಡು ನೋಡುವ ಮಿಷನ್ನಿಗೆ. ಐದಕ್ಕೆ ಹಾಲು ಅಳೆಯುವ ರಂಗಮ್ಮ ಬಂದು, "ಆಯ್ತಾ ಸೆಕ್ರೆಟ್ರಿಗಳೇ ಕಂಪ್ಯೂಟ್ರು?" ಅಂದಳು.

"ಪಟ್ಟಿ ಸಿಕ್ತು ಕಣಮ್ಮ. ಆಯ್ತು," ಅಂದರು ಕೃಷ್ಣಪ್ಪ, ತುಂಬು ಖುಷಿಯಲ್ಲಿ.

ರಂಗಮ್ಮ ದಿನಾ ಮಾಡುವಂತೆ ಒಂದು ಪ್ಲಗ್ಗು ಕಿತ್ತಳು, ಇನ್ನೊಂದು ಸಿಕ್ಕಿಸಿದಳು.

ಅದೇ ಹೊತ್ತಿಗೆ ಬೂತಿನಲ್ಲಿ ಎಳೆ ಜೋಡಿಸಿ ಮುಗಿದಿತ್ತು. ದೀಪ ಮಾತ್ರ ಹತ್ತಲಿಲ್ಲ. ಶಶಿ ಕಿಟಕಿಯಿಂದ ಇಣುಕಿದ. ತೆರೆ ಕಪ್ಪಾಗಿತ್ತು.

"ಡೆಸ್ಕ್‌ಟಾಪ್‌ನಲ್ಲಿ ಐತೆ ಅಂದ್ರಲ್ಲ," ಅಂದಳು ಭವ್ಯಾ. "ಮತ್ತೆ ಆನ್ ಮಾಡಿ."

"ಈ ಸಿ.ಡಿ.ದು ಡೆಸ್ಕ್‌ಟಾಪ್ ಇರೋದು ಬರೀ ಮೆಮೊರೀಲಿ ಕಣ್ರೀ. ಕರೆಂಟ್ ಇದ್ದಷ್ಟೊತ್ತು." ಅವನ ದನಿ ತಗ್ಗಿತ್ತು. "ಹೇಳ್ಬೇಕಿತ್ತು. ಹೇಳ್ಲಿಲ್ಲ."

ಒಳಗೆ ಬಂದು ಗೋಡೆಯ ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತಿದ. ಬಾಡಿಗೆ ಎತ್ತು ಎದ್ದಿತು. ಡಿಸ್ಕು ಈ ಸಲ ಟಕ್ ಅನ್ನಲೂ ಇಲ್ಲ. ಕಿವಿ ಕೊಟ್ಟು ನೋಡಿದ, ತಟ್ಟಿ ನೋಡಿದ. ಕೃಷ್ಣಪ್ಪ ರಂಗಮ್ಮನ ಕಡೆ ನೋಡಿದರು, ಆಮೇಲೆ ಗಡಿಯಾರ ನೋಡಿದರು.

ಹೊರಗೆ ಹಾಲಿನವರು ಸೇರಿದ್ದರು. ಭವ್ಯಾ ಒಂದು ಬಿಳಿ ಹಾಳೆ ಎಳೆದುಕೊಂಡು ಹಾಲು ಅಳೆಯುವ ಕಟ್ಟೆಯ ಹತ್ತಿರ ಬಂದಳು. ಮೊದಲು ನಿಂತಿದ್ದವನು ಜವರಯ್ಯ.

"ನಿಮ್ಮ ಹಸುಗೆ ಇಂಜೆಕ್ಷನ್ ಕೊಡ್ಸಿದ್ದು ಯಾವಾಗ ಜವರಯ್ಯಾರೇ?"

ಜವರಯ್ಯ ಕ್ಯಾನು ಕೆಳಗಿಟ್ಟು ಯೋಚಿಸಿದ. "ಅದ್ ನಂಗೇನ್ ಗೊತ್ತವ್ವಾ. ನೆಪ್ಪಿಟ್ಕಳಾದೇ ಬ್ಯಾಡ, ಕಂಪ್ಯೂಟ್ರು ಹೇಳ್ತದೆ ಅಂದಿದ್ದೆ ನೀನು. ಅದನ್ನೇ ಕೇಳಿ ಹೇಳು ಮತ್ತೆ, ನಂಗೂ ಬೇಕಾಗೈತೆ."

ಭವ್ಯಾ 'ಒಂದು' ಅಂತ ಬರೆದಳು, ಪಕ್ಕಕ್ಕೆ 'ಜವರಯ್ಯ' ಅಂತ ಬರೆದಳು, ಅದರ ಮುಂದೆ ತಾರೀಕಿಗೆಂದು ಒಂದು ಬೆರಳಗಲ ಜಾಗ ಬಿಟ್ಟಳು. ಜವರಯ್ಯನ ಹಿಂದೆ ಕ್ಯಾನುಗಳು ಬೇಲಿಯವರೆಗೂ ಸಾಲಾಗಿ ನಿಂತಿದ್ದವು.