ಪಕ್ಕದತ್ತೆ

ಬೀದಿಯಲ್ಲಿ ಒಬ್ಬರೇ ನಡೆಯುವಾಗಲೂ ಅವರ ಬಲಗೈ, ಕಾಣದ ಯಾರನ್ನೋ ಬೀಳದಂತೆ ಆತುಕೊಂಡ ಹಾಗೆ, ಭುಜದೆತ್ತರಕ್ಕೆ ಮಡಚಿಕೊಂಡೇ ಇರುತ್ತಿತ್ತು. ಅಂಗವೈಕಲ್ಯವಿರುವ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ, ಅದರ ನಡಿಗೆಯ ಲಯದಿಂದಲೇ ಬೆನ್ನಿಗೂ ಕಾಲಿಗೂ ಕಸುವು ತುಂಬುವ ಅಂಗಳವೊಂದರಲ್ಲಿ, ಮಗುವಿನ ತೊಡೆಯ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆಯುವುದೇ ವರ್ಷಗಟ್ಟಲೆ ಅವರ ಉದ್ಯೋಗ. ಮಕ್ಕಳ ಬಾಯಲ್ಲಿ ಅವರು ಪಕ್ಕದತ್ತೆ.

ಹುಟ್ಟಿನಿಂದಲೇ ಕಾಲು ಬಿಗಿದುಕೊಂಡಿದ್ದ ನನ್ನ ಅಣ್ಣನ ಮಗಳನ್ನು ಅಲ್ಲಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದಿದ್ದರಿಂದ ಪರಿಚಯವಾಯಿತು. ಮೊಣಕೈ ಸವೆದ ಕಂದು ಕೋಟು, ಜೇಬಿನಲ್ಲಿ ಕುದುರೆಗೆಂದು ಕ್ಯಾರೆಟ್ ಚೂರು. ಮಾತಿನಲ್ಲಿ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. "ತಿಂಡಿ ಆಯ್ತಾ? ಆಯ್ತು. ಹೊರಡೋಣ್ವಾ? ಹೊರಡೋಣ." ನಾವು ನಗುತ್ತಿದ್ದೆವು. ಮಗು ಅಂಗಳದಲ್ಲಿ ಮರೆತ, ಅವರು ಎತ್ತಿಟ್ಟಿದ್ದ ಟೋಪಿಗಾಗಿ ಚಪ್ಪಲಿ ಅಂಗಡಿಯ ಮೇಲಿನ ಅವರ ಕೋಣೆಗೆ ಹೋದ ದಿನ, ಇದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು, ಕಿಟಕಿಗೆ ಒರಗಿ, "ಒಬ್ಬಳಿಗೇ ಬೇಜಾರಾಗುತ್ತಾ? ಇಲ್ಲಪ್ಪ" ಎಂದರು. ನಾನು ಕೇಳಿರಲೇ ಇಲ್ಲ.

ಒಂದು ಬೆಳಿಗ್ಗೆ ಕುದುರೆ ತಿರುವಿನಲ್ಲಿ ಸಾಗುತ್ತಿದ್ದಾಗ ಮಗು ತೊಡೆಯ ಮೇಲಿದ್ದ ಕೈಯನ್ನು ತಳ್ಳಿ, "ಬಿಡು ಅತ್ತೆ, ನಾನೇ!" ಎಂದಿತು. ಪಕ್ಕದತ್ತೆ, ಸವಾರಿ ಕಲಿಸುವವರ ಮುಖ ನೋಡಿದರು. ಕಲಿಸುವವರು ಹೂಂ ಎಂದು ತಲೆಯಾಡಿಸಿದ ಮೇಲೆ ಮೆಲ್ಲಗೆ ಕೈ ತೆಗೆದರು. ಮಗು ನೆಟ್ಟಗೆ ಕುಳಿತು ಇಡೀ ಅಂಗಳ ಸುತ್ತಿತು. ಬೇಲಿಯಾಚೆ ಗಳಗಳನೆ ಅತ್ತ ಅತ್ತಿಗೆ, ಕಲಿಸುವವರ ಕೈ ಹಿಡಿದುಕೊಂಡರು, ಕುದುರೆಯ ಮೂತಿಗೆ ಮುತ್ತಿಟ್ಟರು, ಎಲ್ಲರನ್ನೂ ಫೋಟೋಗೆ ಕರೆದರು. ಪಕ್ಕದತ್ತೆ ಆಗಲೇ ಲಾಯದೊಳಗೆ ಜೀನು ಒರೆಸುತ್ತಿದ್ದರು.

"ಫೋಟೋಗೆ ಬನ್ನಿ," ಎಂದೆ.

"ಬೇಡಪ್ಪ. ಪಕ್ಕದಲ್ಲಿ ಯಾರೂ ಇಲ್ಲದ ಫೋಟೋನೇ ಅಲ್ವಾ ಅವಳಿಗೆ ಬೇಕಾಗಿರೋದು?"

ಮೊದಲ ಸಲ ಉತ್ತರವನ್ನು ನನಗೇ ಬಿಟ್ಟಿದ್ದರು.

ಅಣ್ಣನ ಮಗಳೀಗ ದೊಡ್ಡವಳಾಗಿದ್ದಾಳೆ, ಊರುಗೋಲು ಹಿಡಿದು ತಾನೇ ಶಾಲೆಗೆ ಹೋಗುತ್ತಾಳೆ. ಹೋದ ವರ್ಷ ಅಲ್ಲಿಗೆ ಕರೆದೊಯ್ದಾಗ ಕುದುರೆಯ ಕೊರಳನ್ನು ತಬ್ಬಿ ಬಿಡಲೇ ಒಲ್ಲದವಳು, ಪಕ್ಕದತ್ತೆಯತ್ತ ತಿರುಗಿ, ಹೊಸಬರೊಡನೆ ನಗುವ ಸೌಜನ್ಯದ ನಗೆ ನಕ್ಕು, "ಯಾರು ಇವರು, ಚಿಕ್ಕಪ್ಪ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಕೇಳಿಸಿತೋ ಇಲ್ಲವೋ, ಅವರು ಕುದುರೆಯೇರಿ ಕಾದಿದ್ದ ಇನ್ನೊಂದು ಮಗುವಿನ ಕಡೆ ನಡೆದರು.

ಬಿದ್ದವರಿಗೆ ಬಿದ್ದ ಜಾಗ ನೆನಪಿರುತ್ತದೆ, ಗಾಯದ ಕಲೆಯಾದರೂ ಉಳಿಯುತ್ತದೆ. ಬೀಳದಂತೆ ಕಾಯ್ದವರ ಗುರುತು ಮಾತ್ರ ಯಾರ ಮೈಮೇಲೂ ನಿಲ್ಲುವುದಿಲ್ಲ. ನಿಲ್ಲದಿದ್ದರೇ ಅವರ ಕೆಲಸ ಸಾರ್ಥಕ. ಹಾಗಾಗಿ ಅಂಥವರ ಒಂಟಿತನಕ್ಕೆ ಯಾರನ್ನೂ ದೂರುವ ಹಕ್ಕಿಲ್ಲ.